ರಾಹುಕಾಲದಲ್ಲಿ ರೀಸ್ಟಾರ್ಟ್ ಇಲ್ಲ

ಸಾಮಾನು ಬಿಸಾಡುವುದಕ್ಕೂ ಒಂದು ಗುಂಡಿಗೆ ಬೇಕು. ಅದು ನನಗೆ ಹುಟ್ಟಿನಿಂದಲೇ ಇಲ್ಲ. ಕೆಟ್ಟುಹೋದ ಚಾರ್ಜರು, ರೀಫಿಲ್ ಇಲ್ಲದ ಪೆನ್ನು, ಯಾವ ಬೀಗದ್ದೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದ ಕೀಲಿಕೈ, ಮದುವೆಯಾದವರಿಗೆ ಮೊಮ್ಮಕ್ಕಳಾದ ಮೇಲೂ ಉಳಿದಿರುವ ಅವರ ಲಗ್ನಪತ್ರಿಕೆ, ಎಲ್ಲವನ್ನೂ ಕೈಗೆತ್ತಿಕೊಂಡು ಹಿಂದೆಮುಂದೆ ನೋಡಿ, ‘ಇರಲಿ, ಎಂದಾದರೂ ಬೇಕಾದೀತು’ ಎಂದು ಎಲ್ಲಿತ್ತೋ ಅಲ್ಲೇ ಇಡುತ್ತೇನೆ. ನನ್ನ ಹೆಂಡತಿ ವಿಜಯಾ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗಲೆಲ್ಲ ಇದೇ ಮಾತು ಎತ್ತುತ್ತಾಳೆ. “ಈ ಮನೀಗೆ ಬಂದು ಇಪ್ಪತ್ತಾರು ವರ್ಷ ಆತು. ಒಳಗ ಬಂದಿದ್ದು ಒಂದೂ ಹೊರಗ ಹೋಗಿದ್ದು ನಾ ನೋಡಿಲ್ಲ. ನಾ ಇನ್ನೂ ಇಲ್ಲೇ ಇರೋದಕ್ಕೂ ಅದಾ ಕಾರಣ ಇರಬೇಕು” ಎನ್ನುತ್ತಾಳೆ. ನಾನು ಇದನ್ನು ಹೊಗಳಿಕೆಯೆಂದೇ ತಿಳಿದುಕೊಂಡಿದ್ದೇನೆ.

ಇದರಲ್ಲಿ ಡಬ್ಬಿಗಳದ್ದೇ ಒಂದು ಬೇರೆ ಕಥೆ. ಯಾರಾದರೂ ಡಬ್ಬಿಯಲ್ಲಿ ತಿಂಡಿ ಕೊಟ್ಟರೆ ಅದನ್ನು ಖಾಲಿ ವಾಪಸ್ ಕೊಡಬಾರದು ಎಂದು ನಮ್ಮಮ್ಮ ಕಲಿಸಿಹೋಗಿದ್ದಾರೆ. ಒಂದು ಹಿಡಿ ಸಕ್ಕರೆಯಾದರೂ ಸರಿ, ಎರಡು ಬಾಳೆಹಣ್ಣಾದರೂ ಸರಿ, ಒಳಗೆ ಏನಾದರೂ ಇಟ್ಟೇ ಕೊಡಬೇಕು. ಬಹಳ ಒಳ್ಳೆಯ ಪದ್ಧತಿ. ತೊಂದರೆ ಏನೆಂದರೆ, ಬರೀ ಸಕ್ಕರೆ ಹಾಕಿ ಕೊಟ್ಟರೆ ಏನು ತಿಳಿದುಕೊಂಡಾರೋ ಎಂದು ನನಗೆ ಸಂಕೋಚ. ಮುಂದಿನ ಹಬ್ಬಕ್ಕೆ ಕರ್ಜಿಕಾಯಿ ಮಾಡಿದಾಗ ತುಂಬಿಸಿ ಕೊಟ್ಟರಾಯಿತು ಎಂದು ಡಬ್ಬಿಯನ್ನು ಎತ್ತಿಡುತ್ತೇನೆ. ಹಬ್ಬ ಬರುತ್ತದೆ, ಕರ್ಜಿಕಾಯಿಯೂ ಆಗುತ್ತದೆ, ನಾವೇ ತಿಂದು ಮುಗಿಸುತ್ತೇವೆ. ಡಬ್ಬಿ ಅಲ್ಲೇ ಇರುತ್ತದೆ. ಹೀಗೆ ಕಡ್ಡಿರಾಂಪುರದ ಶಾರದಮ್ಮನವರ ಸ್ಟೀಲ್ ಡಬ್ಬಿಗಳೇ ನಮ್ಮ ಮನೆಯಲ್ಲಿ ಏಳು ಸೇರಿಕೊಂಡಿದ್ದವು. ಶಾರದಮ್ಮ ಯಾರು, ಅವರು ನನಗೆ ತಿಂಡಿ ಯಾಕೆ ಕೊಡುತ್ತಿದ್ದರು ಎಂದು ಹೇಳಬೇಕಾದರೆ ನನ್ನ ಉದ್ಯೋಗದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು.

ಹೊಸಪೇಟೆಯಲ್ಲಿ ನನ್ನದೊಂದು ಆಫೀಸಿದೆ. ಕೆಳಗೆ ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ, ಮೇಲೆ ನನ್ನ ಎರಡು ಕೋಣೆ. ಮಾಲೀಕನೂ ನಾನೇ, ಕಸ ಹೊಡೆಯುವವನೂ ನಾನೇ. ಹೊರಗಿನ ಕೋಣೆಯಲ್ಲಿ ನಾನು, ಒಳಗಿನ ಕೋಣೆಯಲ್ಲಿ ಸರ್ವರ್ ಎಂಬ ಹಗಲಿರುಳು ಓಡುವ ಕಂಪ್ಯೂಟರ್. ನನಗೆ ಫ್ಯಾನು, ಅದಕ್ಕೆ ಏಸಿ. ನಮ್ಮೂರಿನ ಏಪ್ರಿಲ್ ತಿಂಗಳ ಬಿಸಿಲು ಬಲ್ಲವರಿಗೆ ಈ ತಾರತಮ್ಯದ ಕ್ರೌರ್ಯ ಅರ್ಥವಾಗುತ್ತದೆ. ಆ ದಿನಗಳಲ್ಲಿ ನಾನು ದಿನಕ್ಕೆ ಐದಾರು ಸಲ ‘ಸರ್ವರ್ ಚೆಕ್ ಮಾಡಬೇಕು’ ಎಂದು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತು ಒಂದು ನಿದ್ದೆ ತೆಗೆದು ಬರುತ್ತೇನೆ.

ಇದು ಜಾವಾ ಸರ್ವರ್, ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಡೆಯುವಂಥದ್ದು. ಗಾಬರಿಯಾಗಬೇಡಿ, ಇದನ್ನು ಅರ್ಥಮಾಡಿಕೊಳ್ಳಲು ವಠಾರದಲ್ಲಿ ಬಾಡಿಗೆಗಿದ್ದ ಅನುಭವವೊಂದು ಸಾಕು. ಒಂದೇ ಸರ್ವರಿನೊಳಗೆ ಮೂರು ಮಂದಿಯ ಅಪ್ಲಿಕೇಶನ್ನುಗಳು ಒಕ್ಕಲಿವೆ. ಒಂದು ಕಂಪ್ಲಿಯ ಬಸಣ್ಣ ಸಾಹುಕಾರ್ರ ರೈಸ್ ಮಿಲ್ಲಿನದು. ಭತ್ತ ತಂದ ಟ್ರ್ಯಾಕ್ಟರುಗಳಿಗೆ ಸರದಿ ಟೋಕನ್ ಕೊಡುತ್ತದೆ. ಇನ್ನೊಂದು ಸಂಡೂರಿನ ಮಾಬುಸಾಬ್ರದು. ಅದಿರು ಲಾರಿಗಳ ಟ್ರಿಪ್ ಬರೆದಿಡುತ್ತದೆ. ಮೂರನೆಯದು ಶಾರದಮ್ಮನವರದು. ಕಡ್ಡಿರಾಂಪುರದಲ್ಲಿ ತಮ್ಮ ಮನೆಯ ಮೂರು ಕೋಣೆಗಳನ್ನು ಹೋಂಸ್ಟೇ ಮಾಡಿ, ಹಂಪಿ ನೋಡಲು ಬರುವವರನ್ನು ಇಳಿಸಿಕೊಳ್ಳುತ್ತಾರೆ. ಎಲ್ಲೆಲ್ಲಿಂದಲೋ ಬರುವ ಆ ಜನ ಇವರ ಕೋಣೆಯನ್ನು ಮೊದಲೇ ಹಿಡಿದಿಡುವುದು ಈ ಅಪ್ಲಿಕೇಶನ್ ಮೂಲಕ. ಅದರ ಕೆಲಸಕ್ಕೆಂದು ಆಫೀಸಿಗೆ ಬಂದಾಗಲೆಲ್ಲ ಶಾರದಮ್ಮ ನನಗೊಂದು ಡಬ್ಬಿ ತಿಂಡಿ ತರುತ್ತಾರೆ. ಬಾಗಿಲು ಮೂರಾದರೂ ನೀರಿನ ಟ್ಯಾಂಕ್ ಒಂದೇ. ಇಲ್ಲಿ ಆ ನೀರಿಗೆ ಮೆಮೊರಿ ಎನ್ನುತ್ತಾರೆ. ಒಬ್ಬರು ನಲ್ಲಿ ಬಿಟ್ಟುಕೊಂಡು ಕೂತರೆ ಉಳಿದವರ ಮನೆಯಲ್ಲಿ ಗಾಳಿ ಬರುತ್ತದೆ. ಹಾಗಾಗದಿರಲೆಂದು ಜಾವಾದೊಳಗೆ ಕಸ ಎತ್ತುವವನೊಬ್ಬನಿದ್ದಾನೆ. ಅವನು ಆಗಾಗ ಸುತ್ತು ಬಂದು, ಯಾರಿಗೂ ಬೇಡವಾದದ್ದನ್ನೆಲ್ಲ ಎತ್ತಿ ಹಾಕಿ ಜಾಗ ಖಾಲಿ ಮಾಡುತ್ತಾನೆ. ಆದರೆ ‘ಇದು ನನಗೆ ಬೇಕು’ ಎಂದು ಯಾರಾದರೂ ಹಿಡಿದುಕೊಂಡಿದ್ದರೆ ಪಾಪ, ಮುಟ್ಟುವುದಿಲ್ಲ. ಭಾಳ ಮರ್ಯಾದಸ್ಥ. ಟ್ಯಾಂಕ್ ಪೂರ್ತಿ ಬತ್ತಿದಾಗ ಉಳಿಯುವ ಉಪಾಯ ಒಂದೇ: ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡುವುದು, ರೀಸ್ಟಾರ್ಟ್. ಆಗ ಮೂರೂ ಮನೆ ಐದು ನಿಮಿಷ ಬಂದ್.

ಮೊದಲೆಲ್ಲ ತಿಂಗಳಿಗೊಂದು ರೀಸ್ಟಾರ್ಟ್ ಮಾಡಿದರೆ ಸಾಕಾಗುತ್ತಿತ್ತು. ಆ ಐದು ನಿಮಿಷಕ್ಕೆ ಎಲ್ಲರನ್ನೂ ಒಪ್ಪಿಸುವುದೇ ಒಂದು ಸಂಬಂಧ ಕುದುರಿಸಿದಷ್ಟು ಕೆಲಸ. ಮಾಬುಸಾಬ್ರಿಗೆ ಫೋನ್ ಮಾಡಿದರೆ, “ನಮ್ಗೇನ್ ಅಭ್ಯಂತರ ಇಲ್ರಿ ಸರ. ಲಾರಿ ತೂಕದ ಮ್ಯಾಲ ನಿಂತಾಗ ಮಾತ್ರ ಬ್ಯಾಡ್ರಿ” ಎನ್ನುತ್ತಾರೆ. ಲಾರಿ ತೂಕದ ಮೇಲೆ ನಿಲ್ಲದಿರುವ ಹೊತ್ತು ಯಾವುದು ಎಂದರೆ, “ಅದು ಹೇಳಾಕ ಬರಂಗಿಲ್ರಿ” ಎಂದು ನಗುತ್ತಾರೆ. ಶಾರದಮ್ಮ, “ನೀವು ಯಾವಾಗ ಅಂತೀರೋ ಆವಾಗ ಮಾಡ್ರಿ ಸರ, ನಿಮ್ಗ ಗೊತ್ತಿರ್ತತಿ” ಎನ್ನುತ್ತಾರೆ. ಬಸಣ್ಣ ಸಾಹುಕಾರ್ರದು ಒಂದೇ ಷರತ್ತು, ಅದರಲ್ಲಿ ಮಾತ್ರ ರಾಜಿ ಇಲ್ಲ. “ರಾಹುಕಾಲದಾಗ ಬ್ಯಾಡ್ರಿ. ನಿಂತ ಮಿಷನ್ನು ರಾಹುಕಾಲದಾಗ ಚಾಲೂ ಮಾಡಿದ್ರ ಮತ್ತ ನಿಲ್ಲತೈತಿ. ನಮ್ಮಪ್ಪನ ಕಾಲದಿಂದ ನಾವು ಮಿಲ್ಲಾ ಹಂಗ ನಡಸೇವಿ.” ಮಿಷನ್ನು ಬೇರೆ, ಸರ್ವರ್ ಬೇರೆ ಎಂದು ನಾನು ಒಮ್ಮೆ ವಿವರಿಸಲು ಹೋದೆ. “ಕರೆಂಟ್ ಮ್ಯಾಲ ನಡೀತೈತೋ ಇಲ್ಲೋ?” ಎಂದರು. ನಡೆಯುತ್ತದೆ ಎಂದೆ. “ಮತ್ತ?” ಎಂದರು.

ಇಷ್ಟಾದ ಮೇಲೆ ಬುದ್ಧಿವಂತನಾದವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ ರಾಹುಕಾಲ ತಪ್ಪಿಸಿ ಕೆಲಸ ಮುಗಿಸುತ್ತಾನೆ. ನಾನು ಬುದ್ಧಿವಂತನಷ್ಟೇ ಆಗಿದ್ದರೆ ಹಾಗೇ ಮಾಡುತ್ತಿದ್ದೆ. ಕಂಪ್ಯೂಟರ್ ಬೇರೆ ಕಲಿತಿದ್ದೇನಲ್ಲ. ಕ್ಯಾಲೆಂಡರಿನ ರಾಹುಕಾಲ ಯಾವುದೋ ಊರಿನ ಸೂರ್ಯೋದಯಕ್ಕೆ ಹಾಕಿದ್ದು, ಹೊಸಪೇಟೆಗೆ ಕರಾರುವಾಕ್ಕಾಗಿ ಹೊಂದುವುದಿಲ್ಲ ಎಂದು ನನಗೆ ಹೊಳೆಯಿತು. ಶಾರದಮ್ಮನವರ ಹೋಂಸ್ಟೇ ಸರ್ವರಿಗೆ ಒಕ್ಕಲು ಬಂದ ತಿಂಗಳಲ್ಲೇ ನಾನೊಂದು ಪುಟ್ಟ ಅಪ್ಲಿಕೇಶನ್ ಬರೆದೆ. ‘ಗಳಿಗೆ’ ಎಂದು ಹೆಸರಿಟ್ಟೆ. ಹೊಸಪೇಟೆಯ ಸೂರ್ಯೋದಯ ಹಿಡಿದು ರಾಹುಕಾಲ, ಗುಳಿಕಕಾಲ, ಯಮಗಂಡಕಾಲ ಮೂರನ್ನೂ ಅದು ಲೆಕ್ಕ ಹಾಕಿ ತೋರಿಸುತ್ತಿತ್ತು. ಅದೂ ನಿಮಿಷಕ್ಕೊಮ್ಮೆ, ಪ್ರತಿ ಸಲವೂ ಮುಂದಿನ ಹತ್ತು ವರ್ಷಕ್ಕೆ. ರಾಹು ನಿಮಿಷನಿಮಿಷಕ್ಕೂ ಮನಸ್ಸು ಬದಲಾಯಿಸುವುದಿಲ್ಲ ಎಂಬುದು ಆಗ ನನಗೆ ತೋಚಲಿಲ್ಲ. ಅದನ್ನೂ ಅದೇ ಸರ್ವರಿನಲ್ಲಿ ಇಟ್ಟೆ. ವಿಜಯಾಳನ್ನು ಕರೆತಂದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, “ಛಲೋ ಐತಿ. ಇದನ್ನ ಬರಿಯಾಕ ಯಾವ ಗಳಿಗ್ಯಾಗ ಕುಂತಿದ್ರಿ?” ಎಂದಳು.

ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ತಿಂಗಳಿಗೊಮ್ಮೆ ಬೇಕಾಗುತ್ತಿದ್ದ ರೀಸ್ಟಾರ್ಟು ನಾಲ್ಕು ದಿನಕ್ಕೊಮ್ಮೆ ಬೇಕಾಗತೊಡಗಿತು. ಮೂರನೇ ದಿನಕ್ಕೆ ಸರ್ವರು ಏದುಸಿರು ಬಿಡುವುದು, ನಾಲ್ಕನೇ ದಿನಕ್ಕೆ ಮಕಾಡೆ ಮಲಗುವುದು. ಯಾರೋ ನಲ್ಲಿ ಬಿಟ್ಟಿದ್ದಾರೆ! ಯಾರು? ಯಾರು ಎಷ್ಟು ಮೆಮೊರಿ ಹಿಡಿದಿದ್ದಾರೆಂದು ಬಿಡಿಸಿ ನೋಡುವ ವಿದ್ಯೆ ಇದೆ. ಅದಕ್ಕೆ ಸರ್ವರನ್ನು ಅರ್ಧ ಗಂಟೆ ಸುಮ್ಮನೆ ಕೂರಿಸಬೇಕು. ಐದು ನಿಮಿಷಕ್ಕೇ ಕೈಕಾಲು ಹಿಡಿಯುವವನು ಅರ್ಧ ಗಂಟೆಯನ್ನು ಯಾರ ಹತ್ತಿರ ಕೇಳಲಿ? ಹಾಗಾಗಿ ನಾನು ನಮ್ಮ ಹಿರಿಯರ ಪದ್ಧತಿಯನ್ನೇ ಹಿಡಿದೆ. ಮನೆಯಲ್ಲಿ ಏನಾದರೂ ಎಡವಟ್ಟಾದರೆ ಕೊನೆಗೆ ಬಂದವರು ಯಾರು ಎಂದು ನೋಡುವುದು. ಮಿಲ್ಲಿನದು ನಾಲ್ಕು ವರ್ಷದಿಂದ ಇದೆ, ಲಾರಿಯದು ಮೂರು ವರ್ಷದಿಂದ ಇದೆ. ಕೊನೆಗೆ ಬಂದದ್ದು ಹೋಂಸ್ಟೇ. ಅದು ಕಾಲಿಟ್ಟ ತಿಂಗಳಿಂದಲೇ ಸರ್ವರು ಬೀಳತೊಡಗಿದ್ದು. ಇದಕ್ಕಿಂತ ಸಾಕ್ಷಿ ಬೇಕೇ? ಬಸಣ್ಣ ಸಾಹುಕಾರ್ರು ಬೈದಾಗಲೆಲ್ಲ, “ಆ ಹೋಂಸ್ಟೇದವರದು ಸಾಹುಕಾರ್ರೆ, ನಾನು ನೋಡ್ತಾ ಇದ್ದೀನಿ” ಎಂದೆ. ಮಾಬುಸಾಬ್ರಿಗೂ ಅದನ್ನೇ ಹೇಳಿದೆ. ನಾಲ್ಕು ಸಲ ಹೇಳಿದ ಮೇಲೆ ನನಗೇ ಪೂರ್ತಿ ನಂಬಿಕೆ ಬಂತು.

ಡಿಸೆಂಬರಿನ ಒಂದು ಶುಕ್ರವಾರ ಶಾರದಮ್ಮನವರಿಗೆ ಫೋನ್ ಮಾಡಿದೆ. ಎದುರಿಗೆ ಹೇಳುವ ಧೈರ್ಯವಿರಲಿಲ್ಲ. ಅವರ ಏಳು ಡಬ್ಬಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ನನ್ನ ಹೊಟ್ಟೆಯಲ್ಲಿತ್ತಲ್ಲ. “ನೋಡ್ರಿ ಶಾರದಮ್ನೋರೆ, ಪರೀಕ್ಷೆಗೆ ಅಂತ ನಿಮ್ಮ ಅಪ್ಲಿಕೇಶನ್ ನಾಲ್ಕು ದಿನ ನಿಲ್ಲಿಸ್ತೀನಿ. ಅಷ್ಟರಲ್ಲಿ ಸರ್ವರ್ ಬೀಳಲಿಲ್ಲ ಅಂದ್ರೆ ನೀವು ಬೇರೆ ಕಡೆ ಜಾಗ ನೋಡಿಕೊಳ್ಳಬೇಕಾಗುತ್ತೆ” ಎಂದೆ. “ಸೀಜನ್ನಿನಾಗ ಹಿಂಗ ಅಂದ್ರ ನಾ ಎಲ್ಲಿ ಹೋಗ್ಲಿ ಸರ? ಈ ಎರಡು ತಿಂಗಳು ತಪ್ಪಿದ್ರ ವರ್ಷಾನಾ ಹೋತು” ಎಂದರು. ಅವರ ಗಂಡ ತೀರಿಕೊಂಡ ಮೇಲೆ ಆ ಮೂರು ಕೋಣೆಗಳೇ ಅವರ ಹೊಲ, ಅವರ ಸಂಬಳ, ಎಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, “ಏನ್ ಮಾಡೋದು, ಉಳಿದವರಿಗೂ ನಾನು ಉತ್ತರ ಹೇಳ್ಬೇಕಲ್ಲ” ಎಂದು ಫೋನ್ ಇಟ್ಟೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಇನ್ನೂ ಕಾಲು ಗಂಟೆ ಇದೆ ಎನ್ನುವಾಗ ಬಸಣ್ಣ ಸಾಹುಕಾರ್ರ ಫೋನ್ ಬಂತು. “ಸರ, ಟೋಕನ್ ಬರವಲ್ವು. ಟ್ರ್ಯಾಕ್ಟರ್ ಸಾಲು ರಸ್ತೆಗೆ ಬಂದೈತಿ. ಡ್ರೈವರ್‌ಗಳು ನಾ ಮೊದ್ಲು ನೀ ಮೊದ್ಲು ಅಂತ ಕೊಳ್ಳಪಟ್ಟಿ ಹಿಡಿಯಾಕತ್ಯಾರ!” ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ, ಈಗಲೇ ಹೋಗಿ ರೀಸ್ಟಾರ್ಟ್ ಮಾಡುತ್ತೇನೆ ಎಂದೆ. “ಏ, ಈಗ ಬ್ಯಾಡ್ರಿ!” ಎಂದು ಕಿರುಚಿದರು. “ಸೋಮವಾರ ಏಳೂವರಿಯಿಂದ ಒಂಬತ್ತು ರಾಹುಕಾಲ. ಒಂಬತ್ತಕ್ಕ ಮಾಡ್ರಿ. ಅಲ್ಲೀತನಕ ನಾನಾ ಹೆಂಗರ ಜಗಳಾ ಬಿಡಸ್ತೀನಿ.” ಸರ್ವರು ಸಾಯುತ್ತಿದ್ದರೂ ಮುಹೂರ್ತ ಬಿಡುವವರಲ್ಲ ಮಹಾರಾಯರು.

ಆಫೀಸಿಗೆ ಓಡಿದೆ. ಟ್ಯಾಂಕಿನಲ್ಲಿ ತಳ ಕಾಣುತ್ತಿತ್ತು, ಸರ್ವರು ಕೊನೆಯ ಉಸಿರಿನಲ್ಲಿತ್ತು. ಶಾರದಮ್ಮನವರ ಅಪ್ಲಿಕೇಶನ್ನು ಶುಕ್ರವಾರದಿಂದ ನಿಂತೇ ಇದೆ. ಆದರೂ ಸರ್ವರು ಬೀಳುತ್ತಿದೆ. ಸಾಮಾನ್ಯ ಮನುಷ್ಯನಾಗಿದ್ದರೆ ಅಲ್ಲೇ ಕಿವಿ ಹಿಡಿದುಕೊಳ್ಳುತ್ತಿದ್ದ. ನಾನು ಕುರ್ಚಿಯಲ್ಲಿ ಕೂತು, ಅದು ಹೋಗುವ ಮುಂಚೆ ಏನೋ ಕೆಡಿಸಿಟ್ಟು ಹೋಗಿರಬೇಕು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಶಾರದಮ್ಮನವರೇ ನಿಂತಿದ್ದರು. ಕೈಯಲ್ಲಿ ಡಬ್ಬಿ.

“ಬರ್ರಿ, ಕುಂದ್ರಿ” ಎಂದೆ, ಮುಖ ಎಲ್ಲಿಡಬೇಕೆಂದು ತಿಳಿಯದೆ. ಅವರು ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೂತರು. “ಬಿಸಿ ಐತ್ರಿ, ತಿನ್ರಿ ಮೊದ್ಲು. ನೀವು ಇಷ್ಟು ಜಲ್ದಿ ಬಂದೀರಿ ಅಂದ್ರ ನಾಷ್ಟಾ ಆಗಿಲ್ಲ” ಎಂದರು. ಬೈಯಲು ಬಂದವರು ಬೈದರೆ ತಡೆದುಕೊಳ್ಳಬಹುದು, ತಿಂಡಿ ಕೊಟ್ಟರೆ ಏನು ಮಾಡುವುದು? ಆಮೇಲೆ ನಿಧಾನಕ್ಕೆ ಹೇಳಿದರು. ಅಪ್ಲಿಕೇಶನ್ ನಿಂತ ಮೇಲೆ, ಮೊದಲೇ ಕೋಣೆ ಹಿಡಿದವರು ಯಾರು, ಯಾವತ್ತು ಬರುತ್ತಾರೆ ಎನ್ನುವ ಪಟ್ಟಿಯೇ ಅವರ ಕೈಗೆ ಸಿಕ್ಕಿರಲಿಲ್ಲ. ಆ ಪಟ್ಟಿ ಬರೆದುಕೊಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. “ಶನಿವಾರ ಮುಂಜಾಲಿಂದ ರಸ್ತಿಗೆ ನಿಂತಿದ್ದೆ ಸರ. ಬ್ಯಾಗ್ ಹಿಡ್ಕೊಂಡು ಆಟೋ ಇಳಿದೋರನ್ನೆಲ್ಲ, ನಮ್ಮನಿಗೇನ್ರಿ, ನಮ್ಮನಿಗೇನ್ರಿ ಅಂತ ಕೇಳಿದೆ. ಭಾಳ ನಾಚಿಕಿ ಆತು. ಇಬ್ರು ನಮ್ಮೋರಾ ಇದ್ರು. ಅಷ್ಟೊತ್ತಿಗೆ ಕ್ವಾಣಿ ಬ್ಯಾರೇರಿಗೆ ಕೊಟ್ಟಿದ್ದೆ, ನಮ್ಮ ಮಲಗೋ ಕ್ವಾಣಿ ಅವ್ರಿಗೆ ಬಿಟ್ಟು ನಾ ಅಡಿಗಿ ಮನ್ಯಾಗ ಮಲಗಿದೆ.” ಮಿರ್ಚಿ ಖಾರವಿತ್ತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೇ ಕಾರಣವೆಂದು ತೋರಿಸಿಕೊಂಡೆ. ನಿಜವಾಗಿ ನನಗೆ ನಾಚಿಕೆಯಾಗಿತ್ತು.

ಅವರು ಕುರ್ಚಿಯನ್ನು ಎಳೆದುಕೊಂಡು ಸ್ಕ್ರೀನಿನ ಕಡೆ ನೋಡಿದರು. ಅಲ್ಲಿ ಸರ್ವರಿನೊಳಗಿರುವ ಅಪ್ಲಿಕೇಶನ್ನುಗಳ ಪಟ್ಟಿ ಇತ್ತು. ಬೆರಳು ಮಡಚಿ ಎಣಿಸಿದರು. “ನಾವು ಮೂರಾ ಮಂದಿ ಅಲ್ರಿ ಇರೋದು? ಇಲ್ಲಿ ನಾಲ್ಕು ಅದಾವಲ್ರಿ.”

“ಒಂದು ಮಿಲ್ಲಿನದು, ಒಂದು ಲಾರಿಯದು, ಕೆಂಪಗೆ ಇರೋದು ನಿಮ್ಮದು. ನಿಲ್ಲಿಸಿದೀನಲ್ಲ, ಅದಕ್ಕೆ ಕೆಂಪು” ಎಂದೆ.

“ನಾಲ್ಕನೇದು ಯಾರ್ದ್ರಿ?”

“ಅದಾ? ಅದು ನಂದು.”

“ಏನ್ ಮಾಡ್ತತ್ರಿ ಅದು?”

ರಾಹುಕಾಲ ತೋರಿಸುತ್ತದೆ ಎಂದೆ. ಅವರು ನನ್ನ ಮುಖ ನೋಡಿದರು, ಆಮೇಲೆ ನನ್ನ ತಲೆಯ ಹಿಂದಿನ ಗೋಡೆ ನೋಡಿದರು. ಅಲ್ಲಿ ಬಸಣ್ಣ ಸಾಹುಕಾರ್ರ ಮಿಲ್ಲಿನವರೇ ಕೊಟ್ಟ ಕ್ಯಾಲೆಂಡರ್ ನೇತಾಡುತ್ತಿತ್ತು. “ಅದರಾಗ ಐತಲ್ರಿ” ಎಂದರು.

“ಅದು ಬೇರೆ ಊರಿನ ಲೆಕ್ಕ. ಇದು ನಮ್ಮೂರಿನ ಸೂರ್ಯೋದಯಕ್ಕೆ ಕರೆಕ್ಟಾಗಿ ಹಾಕಿದ್ದು.”

“ಎಷ್ಟು ಫರಕ್ ಬೀಳ್ತತ್ರಿ?”

“ನಾಲ್ಕೈದು ನಿಮಿಷ” ಎಂದೆ. ಹೇಳುವಾಗಲೇ ದನಿ ಇಳಿದುಹೋಯಿತು.

ಶಾರದಮ್ಮ ನಗಲಿಲ್ಲ. ಆ ಉಪಕಾರವನ್ನು ನಾನು ಮರೆಯುವುದಿಲ್ಲ. “ಅದನ್ನೂ ಒಂದೀಟು ನಿಲ್ಸಿ ನೋಡ್ರಿ ಸರ. ನಂದು ಮೂರು ದಿನ ನಿಲ್ಸಿದ್ರಲ್ಲ” ಎಂದರು.

ಇಷ್ಟು ದಿನ ಎಲ್ಲರನ್ನೂ ಅನುಮಾನಿಸಿದ ನನಗೆ ಅದರ ಮೇಲೆ ಅನುಮಾನವೇ ಬಂದಿರಲಿಲ್ಲ. ವಠಾರದ ಮಾಲೀಕ ನೀರು ಖಾಲಿಯಾದಾಗ ಬಾಡಿಗೆದಾರರ ನಲ್ಲಿ ನೋಡಿಕೊಂಡು ಬರುತ್ತಾನೆಯೇ ಹೊರತು ತನ್ನ ಬಚ್ಚಲಿಗೆ ಹೋಗುತ್ತಾನೆಯೇ? ಅವರ ಸಮಾಧಾನಕ್ಕೆಂದು ‘ಗಳಿಗೆ’ಯನ್ನು ನಿಲ್ಲಿಸಿದೆ. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕಸ ಎತ್ತುವವನು ಬಂದಿರಬೇಕು. ಖರ್ಚಾದ ಮೆಮೊರಿ ತೋರಿಸುವ ಗೆರೆ ದಡಕ್ಕನೆ ಕೆಳಗಿಳಿಯಿತು. ಮುಕ್ಕಾಲು ಟ್ಯಾಂಕ್ ಮತ್ತೆ ತುಂಬಿತ್ತು! ಸರ್ವರು ರೀಸ್ಟಾರ್ಟಿನ ಹಂಗಿಲ್ಲದೆ ತಾನಾಗಿ ಎದ್ದು ಕೂತಿತು. ಪ್ರೋಗ್ರಾಮ್ ತೆರೆದು ನೋಡಿದೆ. ನಿಮಿಷಕ್ಕೊಂದು ಹತ್ತು ವರ್ಷದ ಪಟ್ಟಿ ಮಾಡಿ, ಹಿಂದಿನ ನಿಮಿಷದ ಪಟ್ಟಿಯನ್ನು ಬಿಸಾಡದೆ, ಎಲ್ಲವನ್ನೂ ಅದು ಜೋಡಿಸಿಟ್ಟುಕೊಂಡಿತ್ತು. ಹಾಗೆ ಮಾಡು ಎಂದು ನಾನೇ ಬರೆದಿದ್ದೆ. ಎಂದಾದರೂ ಬೇಕಾದೀತು ಎಂದು. ರೀಸ್ಟಾರ್ಟಿಗೆ ಒಳ್ಳೆಯ ಗಳಿಗೆ ಹುಡುಕಲು ಮಾಡಿದ ಅಪ್ಲಿಕೇಶನ್ನೇ ಇಷ್ಟು ದಿನ ರೀಸ್ಟಾರ್ಟ್ ಮಾಡಿಸುತ್ತಿತ್ತು!

ಶಾರದಮ್ಮನವರ ಅಪ್ಲಿಕೇಶನ್ನನ್ನು ಶುರು ಮಾಡಿದೆ. ಕೆಂಪು ಹೋಗಿ ಹಸಿರಾಯಿತು, ಮುಂದಿನ ವಾರ ಬರುವವರ ಹೆಸರುಗಳು ಸಾಲಾಗಿ ಬಂದವು. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡು ಒಂದೊಂದೇ ಹೆಸರನ್ನು ಓದತೊಡಗಿದರು. ಅಷ್ಟರಲ್ಲಿ ಬಸಣ್ಣ ಸಾಹುಕಾರ್ರ ಫೋನು. ಅವರ ದನಿಗೆ ಸ್ಪೀಕರ್ ಬೇಕಿಲ್ಲ, ಕಂಪ್ಲಿಯಿಂದ ನೇರವಾಗಿಯೇ ಕೇಳಿಸುತ್ತದೆ. “ಸರ, ಟೋಕನ್ ಬರಾಕತ್ಯಾವು! ರಾಹುಕಾಲದಾಗ ಚಾಲೂ ಮಾಡಿದ್ರೇನ್ರಿ?”

“ಇಲ್ಲ ಸಾಹುಕಾರ್ರೆ, ರೀಸ್ಟಾರ್ಟ್ ಮಾಡೇ ಇಲ್ಲ. ತೊಂದರೆ ಕೊಡೋದನ್ನ ಹುಡುಕಿ ತೆಗೆದೆ.”

“ಶಾಣ್ಯಾರಿದ್ದೀರಿ! ಆ ಹೋಂಸ್ಟೇ ಹೆಣ್ಮಗಳದಾ ಹೌದಲ್ರಿ? ನೀವು ಹೇಳ್ತಿದ್ರಲ್ಲ. ಕಿತ್ತು ಒಗದ್ರಿ ಇಲ್ಲೋ ಅದನ್ನ?”

ಹೆಸರು ಓದುತ್ತಿದ್ದ ಶಾರದಮ್ಮ ಓದುವುದನ್ನು ನಿಲ್ಲಿಸಿದರು. ತಲೆ ಎತ್ತಲಿಲ್ಲ. ‘ಹೂಂ’ ಎಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಕಂಪ್ಲಿಗೂ ಕಡ್ಡಿರಾಂಪುರಕ್ಕೂ ಸಂಬಂಧವೇನಿದೆ, ಸಾಹುಕಾರ್ರಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಸುಳ್ಳೇಕೆ, ನಾಲಿಗೆ ತುದಿಯವರೆಗೂ ಬಂದಿತ್ತು. ಮೇಜಿನ ಮೇಲೆ ಅರ್ಧ ತಿಂದ ಮಂಡಕ್ಕಿ ಇತ್ತು.

“ಅಲ್ಲ ಸಾಹುಕಾರ್ರೆ. ಅವರದೇನೂ ತಪ್ಪಿಲ್ಲ, ನಾನೇ ಸುಮ್ನೆ ಅವರ ಮೇಲೆ ಹಾಕಿದ್ದೆ. ಅದು ನಂದು.”

“ನಿಮ್ದೇನೈತ್ರಿ ಅದರಾಗ?”

“ರಾಹುಕಾಲ ನೋಡೋಕೆ ಒಂದು ಮಾಡಿದ್ದೆ.”

ಆ ಕಡೆಯಿಂದ ಬಂದ ನಗು ಎಂಥದ್ದೆಂದರೆ ಕೆಳಗಿನ ಮೋಟರ್ ರಿಪೇರಿಯವನು ಹೊರಗೆ ಬಂದು ಮೇಲೆ ನೋಡಿದ. “ಕ್ಯಾಲೆಂಡರ್ ಕೊಟ್ಟಿದ್ನಲ್ರಿ ಸರ ನಿಮ್ಗ!” ಎಂದರು ಸಾಹುಕಾರ್ರು. ಮಾಬುಸಾಬ್ರಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವರು ದೊಡ್ಡ ಮನುಷ್ಯರು, “ಹೋಗ್ಲಿ ಬಿಡ್ರಿ ಸರ, ರಾಹು ಅಂದ್ರ ಹಂಗಾ” ಎಂದರು.

ಆ ಭಾನುವಾರ ವಿಜಯಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಡ್ಡಿರಾಂಪುರಕ್ಕೆ ಹೋದೆ. ಅವಳ ತೊಡೆಯ ಮೇಲಿನ ಚೀಲದಲ್ಲಿ ಶಾರದಮ್ಮನವರ ಏಳೂ ಡಬ್ಬಿ, ಒಂದೊಂದರಲ್ಲೂ ಒಂದೊಂದು ಹಿಡಿ ಸಕ್ಕರೆ. ಹೋಂಸ್ಟೇಯ ಮೂರು ಕೋಣೆಯೂ ತುಂಬಿತ್ತು, ಅಂಗಳದಲ್ಲಿ ಯಾವುದೋ ದೇಶದ ದಂಪತಿ ಕೂತು ಮಿರ್ಚಿ ಕಡಿದು ಉಸ್ಸುಸ್ ಎನ್ನುತ್ತಿದ್ದರು. “ನಂದು ತಪ್ಪಾತ್ರಿ” ಎಂದು ಶಾರದಮ್ಮನವರ ಎದುರಿಗೇ ಹೇಳಿದೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಬಾಯಿಂದ ಆ ಮಾತು ಕೇಳಿರದ ವಿಜಯಾ ಗಾಬರಿಯಾಗಿ ನನ್ನನ್ನು ನೋಡಿದಳು. ಶಾರದಮ್ಮ, “ಇರ್ಲಿ ಬಿಡ್ರಿ ಸರ” ಎಂದು ನಕ್ಕು ಚೀಲ ಇಸಿದುಕೊಂಡು ಡಬ್ಬಿಗಳನ್ನು ಒಂದೊಂದಾಗಿ ಕಟ್ಟೆಯ ಮೇಲಿಟ್ಟು ಎಣಿಸಿದರು.

“ಏಳು ಅದಾವಲ್ರಿ. ಎಂಟಿರಬೇಕಿತ್ತು.”

ಎಂಟನೆಯದು ಸೋಮವಾರ ತಂದದ್ದು. ಅದೆಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತು, ಆಫೀಸಿನ ಮೇಜಿನ ಡ್ರಾಯರಿನಲ್ಲಿದೆ. ‘ಗಳಿಗೆ’ಯನ್ನು ಸರ್ವರಿನಿಂದ ಪೂರ್ತಿ ಅಳಿಸುವ ಮುಂಚೆ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿದ್ದೆ. ಆ ಪೆನ್‌ಡ್ರೈವ್ ಇಡಲು ಭದ್ರವಾದ ಒಂದು ಡಬ್ಬಿ ಬೇಕಾಗಿತ್ತು.